ಮದುಮಗನ ಕ್ಷೌರ

ಸರಸ್ವತಿಪುರಂ, ಮೈಸೂರು

ದಾಕ್ಷಾಯಣಮ್ಮನವರಿಗೆ ಸುಷ್ಮಾಳ ನಮಸ್ಕಾರ.

ನಾನು ಕ್ಷೌರ ಕಲಿಯಲು ಸೇರಿದ್ದು ತಿಳಿದ ದಿನ ನೀವು ನಮ್ಮ ಮನೆಗೆ ಬಂದು, "ಗಂಡಸ್ರ ಗಡ್ಡ ಮುಟ್ಟೋ ಕೈ ನಮ್ಮನೇಲಿ ಅನ್ನ ಬಡಿಸೋದು ಬೇಡ ಕಣಮ್ಮ" ಎಂದು ಹೇಳಿ, ನಿಶ್ಚಿತಾರ್ಥಕ್ಕೆ ಉಡಿಸಿದ್ದ ಸೀರೆಯನ್ನೂ ಕೇಳಿ ತೆಗೆದುಕೊಂಡು ಹೋದಿರಿ. ನಿಮ್ಮ ಮಗ ಮಹಾಂತೇಶ್ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದರು.

ತರಗತಿಯಲ್ಲಿ ಮೊದಲು ಬಲೂನಿಗೆ ನೊರೆ ಹಚ್ಚಿ ಕತ್ತಿ ಆಡಿಸುವುದನ್ನು ಕಲಿಸುತ್ತಾರೆ. ನನ್ನ ಬಲೂನು ದಿನವೂ ಒಡೆಯುತ್ತಿತ್ತು. ಅದರ ಮೇಲೆ ಮಹಾಂತೇಶರ ಮುಖ ಬರೆಯತೊಡಗಿದ ಮೇಲೆ ಒಂದೂ ಒಡೆಯಲಿಲ್ಲ. ಅಷ್ಟು ಬೇಗ ಅವರನ್ನು ಮುಗಿಸಲು ಮನಸ್ಸಾಗುತ್ತಿರಲಿಲ್ಲ.

ಈಗ ನನಗೆ ಸರ್ಟಿಫಿಕೇಟ್ ಬಂದಿದೆ. ನಿಮ್ಮ ಹೊಸ ಬೀಗರು ಭಾನುವಾರದ ಮದುವೆಗೆ ಹೆಣ್ಣಿನ ಅಲಂಕಾರವನ್ನೂ ಗಂಡಿನ ಕ್ಷೌರವನ್ನೂ ನಮ್ಮ ಪಾರ್ಲರಿಗೇ ಒಪ್ಪಿಸಿದ್ದಾರೆ. ಬರುವವಳು ನಾನು. ಹಳೆಯ ವಿಷಯ ಅವರಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ. ನಾನು ಬೇಡವೆಂದಾದರೆ ಕಾರಣವನ್ನು ನೀವೇ ಅವರಿಗೆ ತಿಳಿಸಿ.

ಬೆಳಕಿರುವ ಕಡೆ ಒಂದು ಕುರ್ಚಿ ಹಾಕಿಸಿ, ಬಿಸಿನೀರು ಇಡಿಸಿ. ಕತ್ತಿ ಗಂಟಲ ಹತ್ತಿರ ಬಂದಾಗ ಉಗುಳು ನುಂಗಬಾರದೆಂದು ಮಹಾಂತೇಶರಿಗೆ ಈಗಲೇ ಹೇಳಿಡಿ.

ಇಂತಿ,
ನಿಮ್ಮ ಸೊಸೆಯಾಗದ
ಸುಷ್ಮಾ