ಪೀರಮ್ಮ ಎತ್ತಿದ ಕೈ

೧೪ ಅಕ್ಟೋಬರ್ ೨೦೨೫, ಮಂಗಳವಾರ

ಆನ್‌ಲೈನ್ ಪದವಿಗೆ ಸೇರಿದವರು ಈ ವರ್ಷ ಎರಡು ಪಟ್ಟಾದರಂತೆ. ವಿಶ್ವವಿದ್ಯಾಲಯದ ಮೀಟಿಂಗಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬಂದ ಅನುದಾನವೆಲ್ಲ ಸ್ಟುಡಿಯೋಗೆ, ಕ್ಯಾಮೆರಾಗೆ. ಎದುರು ಕೂರಿಸಿಕೊಂಡು ಕಲಿಸುವ ಭಾನುವಾರದ ಸಂಪರ್ಕ ತರಗತಿ ಬಂದ್. ನಾನೊಬ್ಬಳೇ ಎದ್ದು ನಿಂತು, "ಇದು ಪಾಠ ಅಲ್ಲ, ಅಂಗಡಿ" ಅಂದೆ. ಯಾರೂ ತಲೆ ಎತ್ತಲಿಲ್ಲ. ಬೀದಿಯಲ್ಲಿ ಒಂದು ಘೋಷಣೆ ಕೂಗಿದರೆ ನೂರು ದನಿ ಏಳುತ್ತಿದ್ದ ಕಾಲ ನೋಡಿದವಳು ನಾನು. ಇಲ್ಲಿ ಏಸಿ ಸದ್ದಷ್ಟೇ.

ಸಂಜೆ ಪೀರಮ್ಮನ ಫೋನು. ಯಾದಗಿರಿಯವಳು, ಕೆ.ಆರ್. ಪುರದ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಾ ಬಿ.ಎ. ಓದುತ್ತಾಳೆ. ಭಾನುವಾರದ ತರಗತಿಯಲ್ಲಿ ಮುಂದಿನ ಬೆಂಚಲ್ಲಿ ಕೂತು, ಪ್ರಶ್ನೆ ಕೇಳಿ ಕೇಳಿ ಜೀವ ತಿನ್ನುತ್ತಿದ್ದವಳು.

"ನನ್ನ ವಿಡಿಯೋ ಪಾಠ ನೋಡಿದ್ಯೇನಮ್ಮಾ?"

"ನೋಡೀನ್ರಿ ಮೇಡಂ. ತಿಳೀಲಿಲ್ಲಂತ, ವಿಡಿಯೋ ಅನ್ನೋದು ಮರ್ತು ಕೈ ಎತ್ತಿದ್ನಿ. ನೀವು ನನ್ ಕಡೆ ನೋಡ್ಲೇ ಇಲ್ಲ ಬಿಡ್ರಿ. ದೊಡ್ಡೋರಾಗೀರಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಖಾಲಿ ಸ್ಟುಡಿಯೋದಲ್ಲಿ ಕ್ಯಾಮೆರಾದ ಕೆಂಪು ದೀಪ ನೋಡಿಕೊಂಡು ಪಾಠ ಮಾಡುವಾಗ ನಾನೂ ಹುಡುಕಿದ್ದು ಅದೇ ಕೈಯನ್ನ.

"ಈ ಭಾನುವಾರ ಕಗ್ಗದಾಸಪುರಕ್ಕೆ, ನನ್ನ ರೂಮಿಗೇ ಬಾ. ಕ್ಲಾಸಿನೋರನ್ನೆಲ್ಲ ಕರ್ಕೊಂಡು ಬಾ" ಅಂದುಬಿಟ್ಟೆ.

ಆಮೇಲೆ ಅಡುಗೆಮನೆಯಲ್ಲಿ ನೋಡಿದರೆ, ಇರುವುದು ಒಂದೇ ಲೋಟ. ಇಷ್ಟು ವರ್ಷ ಅದು ಕಣ್ಣಿಗೇ ಬಿದ್ದಿರಲಿಲ್ಲ. ನಾಳೆ ಶಿವಾಜಿನಗರದಿಂದ ತರಬೇಕು. ಎಷ್ಟು ಅಂತ ಪೀರಮ್ಮನಿಗೇ ಫೋನ್ ಮಾಡಿ ಕೇಳಬೇಕು.