ಲಾಂಚ್ ಗೇಟಿನ ನಗು

ಮ್ವಾಂಜಾ, ಸೋಮವಾರ

ಮಿಂಜಾ ಅತ್ತೆಗೆ ಶಿಜಾನ ನಮಸ್ಕಾರ.

ಲಾಂಚ್ ಟಿಕೆಟ್ಟಿನ ವೆಬ್‌ಸೈಟ್ ಸರಿಮಾಡಿದ್ದೇನೆ. ಇನ್ನು ನಿನ್ನ ಫೋನಿನಲ್ಲಿ ಅದು ಸ್ವಾಹಿಲಿಯಲ್ಲೇ ತೆರೆದುಕೊಳ್ಳುತ್ತದೆ. ಒಮ್ಮೆ ನೋಡಿ ಹೇಳು.

ತಪ್ಪು ನಿನ್ನದಾಗಿರಲಿಲ್ಲ. ನಿನ್ನ ಫೋನು ‘ಟಾಂಜಾನಿಯಾದ ಸ್ವಾಹಿಲಿ’ ಎಂದು ಕೇಳುತ್ತಿತ್ತು. ನಾನು ಕೋಡಿನಲ್ಲಿ ಬರೀ ‘ಸ್ವಾಹಿಲಿ’ ಎಂದು ಬರೆದಿದ್ದೆ. ಎರಡೂ ಹೊಂದದೆ ಇಂಗ್ಲಿಷ್ ಪುಟ ಬರುತ್ತಿತ್ತು. ನನ್ನ ಫೋನು ಮೊದಲಿಂದಲೂ ಇಂಗ್ಲಿಷಿನಲ್ಲೇ ಇದ್ದದ್ದರಿಂದ ನನಗದು ಕಾಣಲೇ ಇಲ್ಲ.

ಆ ಪುಟ ಅರ್ಥವಾಗದೆ ನೀನು ಬೇರೆ ದಿನದ ಟಿಕೆಟ್ ತೆಗೆದು, ಲಾಂಚ್ ಹತ್ತಲಾಗದೆ ಒಣಮೀನಿನ ಬುಟ್ಟಿಗಳ ಜೊತೆ ಗೇಟಿನಲ್ಲಿ ನಿಂತಿದ್ದಾಗ, ಎಲ್ಲರೆದುರು ನಾನು, “ಫೋನ್ ಸರಿಯಾಗೇ ಇದೆ ಅತ್ತೆ, ಸ್ವಲ್ಪ ತಲೆ ಓಡಿಸ್ಬೇಕಷ್ಟೆ” ಎಂದುಬಿಟ್ಟೆ. ಜನ ನಕ್ಕರು. ನೀನೂ ನಕ್ಕು, “ನಮ್ ಶಿಜಾ ಓದಿದೋನು, ಅವ್ನು ಹೇಳಿದ್ಮೇಲೆ ಮುಗೀತು ಬಿಡಿ” ಎಂದೆ.

ಮುಂದಿನ ಸಲ ಬರುವಾಗ ತಿಳಿಸು, ಬುಟ್ಟಿಗಳನ್ನು ನಾನೇ ಇಳಿಸುತ್ತೇನೆ.

ಪರೀಕ್ಷಿಸಲೆಂದು ಸ್ವಾಹಿಲಿಗೆ ಬದಲಿಸಿದ ನನ್ನ ಫೋನನ್ನು ಹಾಗೇ ಬಿಟ್ಟಿದ್ದೇನೆ. ಇವತ್ತು ಆಫೀಸಿನವರು ಅದನ್ನು ನೋಡಿ, “ಏನೋ, ನಿಮ್ಮಜ್ಜಿ ಫೋನ್ ಎತ್ಕೊಂಡ್ ಬಂದ್ಯಾ?” ಎಂದು ನಗಾಡಿದರು. ನಾನೂ ಜೊತೆಗೆ ನಕ್ಕೆ. ನೀನು ಅವತ್ತು ಹೇಗೆ ನಕ್ಕಿದ್ದೆ ಎಂದು ಆಗ ಗೊತ್ತಾಯಿತು, ಅತ್ತೆ.

ನಿನ್ನ ಅಣ್ಣನ ಮಗ,
ಶಿಜಾ