ಪೆನಾಂಗಿನ ಅಡುಗೆಮನೆಗೆ ಕಾರವಾರದ ಲೆಕ್ಕ

ಕಾರವಾರ
೧೭ ಮೇ ೨೦೨೫, ಶನಿವಾರ

ಪ್ರೀತಿಯ ಯೋಗಿತಾಳ ಅಪ್ಪನಿಗೆ,

ಮೊಣಕಾಲು ನೋವು ಈಗ ಹೇಗಿದೆ? ಹಡಗಿನ ಕೆಲಸ ಮುಗಿಸಿದ ಮೇಲೆ ಆ ಮಲೇಷಿಯಾದಲ್ಲಿ ಬಾಡಿಗೆ ಮನೆ ಹುಡುಕುತ್ತ ಊರೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀರಿ ಎಂದು ಗೊತ್ತು. ಬಿಪಿ ಮಾತ್ರೆ ಮುಗಿದಿರಬೇಕು, ನಿತಿನನ ಕೈಯಲ್ಲಿ ಕಳಿಸಿದ್ದೇನೆ. ನಾನು ಚೆನ್ನಾಗಿದ್ದೇನೆ. ಸೆಕೆಗೆ ಬೆನ್ನ ಮೇಲೆ ಬೆವರುಸಾಲೆ ಎದ್ದಿದೆ, ಅಷ್ಟೆ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳೇ ಪತ್ರವನ್ನು ನಿಮ್ಮ ತಂಗಿಯ ಮಗನ ಕೈಯಲ್ಲಿ ಕಳಿಸುತ್ತಿದ್ದಾಳೆ ಎಂದು ನಗಬೇಡಿ. ನಿತಿನ ಸೋಮವಾರ ಗೋವಾದಲ್ಲಿ ವಿಮಾನ ಹತ್ತುತ್ತಾನೆ, ಹಡಗು ಸೇರುವ ಮೊದಲು ನಿಮ್ಮಲ್ಲಿಗೆ ಬರುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಂಕಿಗಳು ಶುರುವಾದ ಕೂಡಲೇ ನೀವು "ಆಯ್ತಾಯ್ತು, ಮುಂದೆ ಹೇಳು" ಎನ್ನುತ್ತೀರಿ. ಪತ್ರಕ್ಕೆ ಹಾಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಸುದ್ದಿ ಇದು: ನಿಮ್ಮ ಅಂದಾಜು ತಪ್ಪಾಗಿದೆ. ಪೆನಾಂಗಿನಲ್ಲಿ ನಮ್ಮಿಬ್ಬರ ಅಡುಗೆ ಸಾಮಾನಿಗೆ ತಿಂಗಳಿಗೆ ನಾನೂರು ರಿಂಗಿಟ್ ಸಾಲುವುದಿಲ್ಲ, ಸಾವಿರದ ಹತ್ತಿರ ಬೇಕು. ಇದನ್ನು ಮೊದಲು ಗುರುತಿಸಿದವನು ಕಿರಾಣಿ ಅಂಗಡಿಯ ರೋಷನ. ಮೊನ್ನೆ ಬೆಲ್ಲ ತರಲು ಹೋದಾಗ ನಿಮ್ಮ ಲೆಕ್ಕದ ವಿಷಯ ಹೇಳಿದೆ. ಅವನು ತಕ್ಕಡಿ ಬಿಟ್ಟು ನಗಲು ಶುರುಮಾಡಿದ. "ಜಯಂತಕ್ಕಾ, ಸತೀಶಣ್ಣ ತಕಂಡು ಹೋದದ್ದು ಜೂನ್, ಜುಲೈ, ಆಗಸ್ಟಿನ ಚೀಟಿ. ಮಳೆಗಾಲದಲ್ಲಿ ನೀವು ನಮ್ಮ ಅಂಗಡಿಗೆ ಬರೂದೇ ಸಕ್ಕರೆಗೆ, ಚಾಪುಡಿಗೆ, ಸಾಬೂನಿಗೆ. ಅಂಥ ಗಿರಾಕಿ ನಂಬ್ಕಂಡು ಕೂತ್ರೆ ನಾನು ಬಾಗ್ಲು ಹಾಕೂದೇ ಸೈ" ಎಂದ.

ಮನೆಗೆ ಬಂದು ನೋಡಿದರೆ ಅವನು ಹೇಳಿದ್ದು ನಿಜ. ಹೋದ ವರ್ಷ ನೀವು ರಜೆಯ ಮೇಲೆ ಬಂದದ್ದು ಜೂನ್ ಮೊದಲ ವಾರ, ಹೋದದ್ದು ಗಣೇಶ ಚೌತಿಗೆ ಮುಂಚೆ. ಆ ಮೂರು ತಿಂಗಳ ಚೀಟಿ ಕೂಡಿಸಿ, ಮೂರರಿಂದ ಭಾಗಿಸಿ, ಅಲ್ಲಿಯ ದರ ಇಲ್ಲಿಯದರ ಎರಡು ಪಟ್ಟು ಎಂದು ಹಿಡಿದು ಲೆಕ್ಕ ಮುಗಿಸಿದಿರಿ. ಕೂಡಿಸಿದ್ದರಲ್ಲಿ ತಪ್ಪಿಲ್ಲ. ತಪ್ಪಿದ್ದು ತಿಂಗಳುಗಳಲ್ಲಿ. ಮಳೆಗಾಲಕ್ಕೆ ಬೇಕಾದದ್ದನ್ನೆಲ್ಲ ನಾವು ಮೇ ಮುಗಿಯುವುದರೊಳಗೇ ತುಂಬಿಟ್ಟಿರುತ್ತೇವೆ. ಒಣ ಬಂಗಡೆ, ಒಣ ಸಿಗಡಿ, ಮುರುಗಲ ಸಿಪ್ಪೆ, ಭರಣಿಯಲ್ಲಿ ಉಪ್ಪುನೀರಿನ ಮಾವಿನಕಾಯಿ, ಹಲಸಿನ ಹಪ್ಪಳ, ಸಾಣಿಕಟ್ಟೆಯ ಉಪ್ಪು, ಮೆಣಸು. ದೋಣಿಗಳು ನಿಂತಿರುವುದರಿಂದ ಮೀನು ಪೇಟೆಯ ಖರ್ಚೂ ಇಲ್ಲ. ಅಕ್ಕಿ, ಕಾಯಿ, ಕೊಬ್ಬರಿ ಎಣ್ಣೆ ಅಗಸೂರಿನ ಗದ್ದೆ, ಅದಕ್ಕೆ ತಾಗಿದ ಹಿತ್ತಲಿನಿಂದ ಬಂದವು, ಅವಕ್ಕೆ ಚೀಟಿಯೇ ಇಲ್ಲ. ಮನೆಯ ಖರ್ಚು ವರ್ಷದಲ್ಲೇ ಕಡಿಮೆ ಇರುವ ಹೊತ್ತಿಗೆ ನೀವು ಅದನ್ನು ಅಳೆದಿರಿ. ನಿಮ್ಮನ್ನು ದೂರಿ ಪ್ರಯೋಜನವಿಲ್ಲ. ಹಡಗಿನವರು ನಿಮಗೆ ಪ್ರತಿ ಸಲ ರಜೆ ಕೊಟ್ಟದ್ದು ಮಳೆಗಾಲದಲ್ಲೇ. ಮದುವೆಯಾದಾಗಿನಿಂದ ನೀವು ನೋಡಿದ್ದು ತುಂಬಿದ ಭರಣಿಗಳನ್ನು, ತುಂಬುವುದನ್ನು ನೋಡಿಲ್ಲ.

ಹಾಗಾಗಿ ವರ್ಷವಿಡೀ ತಿನ್ನುವುದನ್ನೆಲ್ಲ, ಕೊಂಡದ್ದನ್ನೂ ಕೊಳ್ಳದ್ದನ್ನೂ, ಒಂದೊಂದಾಗಿ ಲೆಕ್ಕಕ್ಕೆ ಹಿಡಿದೆ. ದರ ನನ್ನದಲ್ಲ, ನೀವು ಅಲ್ಲಿಯ ಮಾರ್ಕೆಟ್ಟಿನಿಂದ ಕಳಿಸಿದ ಫೋಟೋಗಳಲ್ಲಿ ಇದ್ದದ್ದೇ. ತೊಂದರೆ ಬಂದದ್ದು ಮೀನಿಗೆ. ಅಲ್ಲಿ ಕಿಲೋ ಲೆಕ್ಕ, ಇಲ್ಲಿ ಗುಡ್ಡೆ ಹಾಕಿಟ್ಟ ಪಾಲಿನ ಲೆಕ್ಕ. ನಾವು ವಾರಕ್ಕೆ ಎಷ್ಟು ಕಿಲೋ ಮೀನು ತಿನ್ನುತ್ತೇವೆ ಎಂದು ನನಗೇ ಗೊತ್ತಿರಲಿಲ್ಲ. ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡು ಪೇಟೆಗೆ ಹೋಗಿ, ಒಂದು ಪಾಲು ಬಂಗಡೆಯನ್ನು ಅಲ್ಲೇ ತೂಗಲು ಹೊರಟೆ. ಮಾರುವವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದೆಂತದೇ ಅಕ್ಕಾ? ಬಂಗಾರದ ಅಂಗಡಿಗೆ ಬಂದಿದ್ಯಾ? ತೂಕ ಮಾಡೂದಾದ್ರೆ ಮೇಲಿಂದ ಹಾಕಿದ್ ಎರಡು ವಾಪಸ್ ಕೊಡು!" ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮೇಲಿಂದ ಪುಕ್ಕಟೆ ಹಾಕಿದ ಎರಡು ಬಂಗಡೆಯನ್ನು ಬೇರೆಯಾಗಿ ಬರೆದುಕೊಂಡೆ. ಪೆನಾಂಗಿನ ತಕ್ಕಡಿಯಲ್ಲಿ ಅವು ಬರುವುದಿಲ್ಲ.

ಬುಧವಾರ ಅಗಸೂರಿಗೂ ಹೋಗಿದ್ದೆ. ನಮ್ಮ ಪಾಲಿಗೆ ಬಂದ ಭತ್ತ ಎಷ್ಟು ಎಂದು ಗದ್ದೆ ಮಾಡುವ ಬಾಳಾನ ಹತ್ತಿರ ಕೇಳಬೇಕಿತ್ತು. ಅವನ ಹೆಂಡತಿ ಸೋಮಿ ಈಶಾಡು ಮಾವಿನಹಣ್ಣು ಕೊಟ್ಟಳು. ನಿಮ್ಮ ಸುದ್ದಿ ಕೇಳಿದಳು. "ಆ ಊರಲ್ಲಿ ಗಂಜಿ, ಒಣ ಮೀನು ಸಿಕ್ಕೂದಾ? ಇಲ್ದಿದ್ರೆ ಒಡೇರು ಸಣಕಲಾಗಿ ಹೋಗ್ತ್ರು. ಮೊದ್ಲೇ ಗಾಳಿ ಬಂದ್ರೆ ಹಾರು ಆಳು" ಎಂದಳು. ಎಲ್ಲ ಸಿಗುತ್ತದಂತೆ, ದುಡ್ಡು ಕೊಡಬೇಕಷ್ಟೆ ಎಂದೆ. ಬಾಳಾ ನಗಲಿಲ್ಲ. ಗದ್ದೆ ಮಾರುವ ಮಾತು ಅವನ ಕಿವಿಗೂ ಬಿದ್ದಿದೆ. "ಈ ಸಲ ಬೀಜ ನೆನೆ ಹಾಕೂದಾ ಬೇಡ್ವಾ ಅಮ್ಮಾ? ಒಂದು ಮಾತು ಹೇಳಿಬಿಡಿ. ಇಲ್ಲ ಅಂದ್ರೆ ನಾನು ಹಟ್ಟಿಕೇರಿ ಬದಿಗೆ ಕೂಲಿಗೆ ಹೋಗ್ಬೇಕು" ಎಂದ. ಆಗ ಲೆಕ್ಕ ಇನ್ನೂ ಮುಗಿದಿರಲಿಲ್ಲ.

ಈಗ ಮುಗಿದಿದೆ. ಗದ್ದೆ ಮಾರಿದ ಹಣವನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ಬಾಡಿಗೆ ಮತ್ತು ಊಟ ನಡೆಸುವುದು ನಿಮ್ಮ ಯೋಜನೆ. ನಾನೂರರ ಲೆಕ್ಕದಲ್ಲಿ ಅದು ಸರಿಹೋಗುತ್ತದೆ. ಸಾವಿರದ ಲೆಕ್ಕದಲ್ಲಿ ತಿಂಗಳು ತಿಂಗಳೂ ಅಸಲಿಗೆ ಕೈ ಹಾಕಬೇಕು. ಇನ್ನೊಂದು ವಿಷಯ: ಅಲ್ಲಿ ಹೊಂದದೆ ವಾಪಸು ಬಂದರೆ ಕಾರವಾರದಲ್ಲೂ ಅಕ್ಕಿ, ಕಾಯಿಯನ್ನು ರೋಷನನ ಅಂಗಡಿಯಿಂದಲೇ ತರಬೇಕು. ಆಗ ಇಲ್ಲಿಯ ಚೀಟಿಯೂ ಈಗಿನ ಹಾಗೆ ಇರುವುದಿಲ್ಲ. ಈ ಎರಡನ್ನೂ ನೀವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನಗೆ ಬರಲು ಮನಸ್ಸಿಲ್ಲ ಎಂದು ಮಾತ್ರ ತಿಳಿಯಬೇಡಿ. ನೀವು ಕಳಿಸಿದ ಮನೆಗಳಲ್ಲಿ ನೀಲಿ ಕಿಟಕಿಯದು ನನಗೆ ಹಿಡಿಸಿದೆ. ಅಡುಗೆ ಕಟ್ಟೆಯ ಎದುರಿಗೇ ಸಮುದ್ರ ಕಾಣುತ್ತದೆ. ನೀವು ಅಷ್ಟು ವರ್ಷ ನೋಡಿದ ಬಂದರುಗಳಲ್ಲಿ ಒಂದನ್ನಾದರೂ ನಿಮ್ಮ ಜೊತೆ ನಿಂತು ನೋಡಬೇಕು ಎಂಬ ಆಸೆ ನನಗೂ ಇದೆ. ಬೇರೆಯವರ ಪಾಸ್‌ಪೋರ್ಟನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡವಳು ನಾನು, ನನ್ನದರಲ್ಲಿ ಇನ್ನೂ ಒಂದು ಮುದ್ರೆ ಬಿದ್ದಿಲ್ಲ. ನಾನು ಕೇಳುವುದು ಇಷ್ಟೇ: ಮೊದಲು ಒಂದು ಇಡೀ ವರ್ಷ ಈ ಮನೆಯಲ್ಲಿರಿ. ಸಾಮಾನು ನೀವೇ ತನ್ನಿ. ಚೌತಿ, ದೀಪಾವಳಿ, ಕೊಯ್ಲು, ಸೆಕೆ ಎಲ್ಲ ಕಳೆದು, ಮುಂದಿನ ಮೇನಲ್ಲಿ ಭರಣಿ ತುಂಬಿಸಿ ಆಮೇಲೆ ಕೂತು ಲೆಕ್ಕ ಹಾಕೋಣ. ಆಗಲೂ ಪೆನಾಂಗೇ ಆಗಬೇಕೆಂದರೆ ಸಹಿ ಹಾಕುತ್ತೇನೆ.

ಯೋಗಿತಾ ಚೆನ್ನಾಗಿದ್ದಾಳೆ. ಹಪ್ಪಳದ ಡಬ್ಬಿ ನಿತಿನನ ಚೀಲದ ತಳದಲ್ಲಿದೆ, ಅವನು ತಿಂದು ಮುಗಿಸುವ ಮೊದಲೇ ತೆಗೆದಿಟ್ಟುಕೊಳ್ಳಿ. ಮೊಣಕಾಲಿಗೆ ಎಣ್ಣೆ ಹಚ್ಚಿ.

ನಿಮ್ಮ
ಜಯಂತಿ

ತಾ.ಕ.: ನಿತಿನ ಬಾಗಿಲಲ್ಲಿ ನಿಂತಿದ್ದಾನೆ, ಹಾಗಾಗಿ ಚುಟುಕಾಗಿ. ಗದ್ದೆ ನಮ್ಮಿಬ್ಬರ ಹೆಸರಿನಲ್ಲಿದೆ. ನಿಮ್ಮ ಪರವಾಗಿ ಸಹಿ ಹಾಕಲು ನೀವು ಕಳಿಸಿದ ಅಧಿಕಾರಪತ್ರ ಇದ್ದರೂ ನನ್ನ ಸಹಿ ಇಲ್ಲದೆ ಅದು ಮಾರಾಟವಾಗುವುದಿಲ್ಲ. ಗುರುವಾರ ಅಂಕೋಲೆಯ ನೋಂದಣಿಗೆ ಬರುವುದಿಲ್ಲ ಎಂದು ಗದ್ದೆ ಕೊಳ್ಳಲಿದ್ದ ವಿಕಾಸನಿಗೆ ಇವತ್ತು ಬೆಳಿಗ್ಗೆ ತಿಳಿಸಿ, ಮುಂಗಡ ವಾಪಸು ಕೊಟ್ಟೆ. ಅವನು ಸಿಟ್ಟಾದ, ನಿಮಗೂ ಫೋನ್ ಮಾಡುತ್ತಾನೆ. ಬಾಳಾನಿಗೆ ಬೀಜ ನೆನೆ ಹಾಕಲು ಹೇಳಿದ್ದೇನೆ. ಗುರುವಾರ ಬೆಳಿಗ್ಗೆ ಅವನು ಗದ್ದೆ ಹೂಡುತ್ತಾನೆ.